ಫ್ರೀ

ಶಿಡ್ಲಘಟ್ಟ. ಉರ್ದು ಶಾಲೆಯ ಮತಗಟ್ಟೆ.
ಹೊರದೇಶದ ವೀಕ್ಷಕರಿಬ್ಬರು
ಬಾಗಿಲಿಂದ ಪಕ್ಷದವರ ಮೇಜಿಗೆ
ಹೆಜ್ಜೆ ಎಣಿಸಿದರು,
ಮರೆಯ ರಟ್ಟನ್ನು ಅಲುಗಿಸಿ ನೋಡಿದರು,
ಸೀಲಿನ ನಂಬರು ಎರಡೆರಡು ಸಲ ಓದಿಸಿಕೊಂಡರು.
ನಾನು ದುಭಾಷಿ,
ಆ ಒಂದು ದಿನದ ಮಟ್ಟಿಗೆ.

ಖೈರುನ್ನೀಸಾಳ ಬೆರಳು
ಗೂಡು ಬೇಯುವ ನೀರಲ್ಲಿ ಇಪ್ಪತ್ತು ವರ್ಷ ನೆಂದು
ಬಿಳಿಚಿ, ಸುಲಿದು,
ಶಾಯಿಯೇ ಕೂರಲಿಲ್ಲ.
ಒರೆಸಿ ಮತ್ತೆ ಹಚ್ಚಿದರು.

ಅವರ ಪ್ರಶ್ನೆಯನ್ನು ನಾನು ದಾಟಿಸಿದೆ:
"ಫ್ರೀಯಾಗಿ ಹಾಕಿದ್ರಾ ಓಟು?"

"ಫ್ರೀ ಎಲ್ಲಿ ಸಾರ್,
ಅರ್ಧ ದಿನದ ಕೂಲಿ ಹೋಯ್ತಲ್ಲ!"

ನಗುತ್ತಲೇ ಗೇಟು ದಾಟಿದಳು.
ಪೆನ್ನು ನನ್ನ ಬಾಯಿಯನ್ನೇ ನೋಡುತ್ತಿತ್ತು.
ಹಾಳೆಯಲ್ಲಿದ್ದದ್ದು ಎರಡೇ ಚೌಕ.
ಹೌದು, ಅಂದೆ.

ಸಂಜೆ ಕೈಕುಲುಕಿ ಲಕೋಟೆ ಕೊಟ್ಟರು.
ಎಣಿಸಿದೆ.
ಪೂರ್ತಿ ದಿನದ್ದು.