ಏಳು ಹಾಲಿ, ಆರು ಕಲ್ದಾರ

ರಾತ್ರಿ ಹನ್ನೊಂದಕ್ಕೆ ಕರೆಂಟು ಬಂತು.
ಗಂಜಿನ ಹಿಂದಿನ ಓಣಿಯ ಫ್ಯಾನುಗಳೆಲ್ಲ
ಒಂದೇ ಉಸಿರಿಗೆ ಎದ್ದು ತಿರುಗಿದವು.
ಮತ್ತೆ ನೂರಾ ಹನ್ನೆರಡನೇ ಪುಟ:
ಒಬ್ಬ ಆಮದುದಾರ, ಮೂರು ತಿಂಗಳಿಗೆ
ಎರಡು ಲಕ್ಷ ಡಾಲರು ಕೊಡಬೇಕು.
ಅವನು ಏನು ಮಾಡಬೇಕು?

ಇದೇ ಪೇಪರಿಗೆ ಎರಡು ಸಲ ಕೂತೆ.
ಮೊದಲು ಮೂವತ್ತೊಂದು, ಆಮೇಲೆ ಮೂವತ್ತೆಂಟು.
ನಲವತ್ತಾದರೆ ದಾಟಿದಂತೆ.
"ಎರಡೇ ಅಲ್ಲೇನವಾ" ಅಂದ ಮಿಲ್ಲಿನ ಮುನೀಮ ತಿಪ್ಪಣ್ಣ,
ಕಾಟಾದ ಮೇಲೆ ಎರಡು ಕಿಲೊ ಹತ್ತಿ
ಬಿಟ್ಟುಕೊಡುವವನ ಹಾಗೆ.

ಹಗಲು ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ.
ಬಾಂಗ್ಲಾ, ವಿಯೆಟ್ನಾಂ:
ಬಿಲ್ಲಿನ ಮೇಲಷ್ಟೇ ನಾನು ಕಂಡ ಊರುಗಳು.
ರೆಪ್ಪೆಗೆ ಅಂಟಿ ಬಂದ ಅರಳೆಯ ಎಳೆ
ಪುಟದ ಮೇಲೆ ಉದುರಿ, ದಶಮಾಂಶದ ಚುಕ್ಕೆ ಮುಚ್ಚಿ,
ಅರೆ ನಿಮಿಷ ಯಾರನ್ನೋ
ಹತ್ತು ಪಟ್ಟು ಶ್ರೀಮಂತ ಮಾಡುತ್ತದೆ.

"ಏನ್ ಓದಾಕತ್ತಿ ಇಷ್ಟೊತ್ತನಾ?"
ಅಜ್ಜಿ ಮೌಲಾಬಿ. ಎಂಬತ್ತೆಂಟರ ಅವಳಿಗೆ ನಿದ್ದೆಯೆಂದರೆ
ಹೊಸ್ತಿಲಲ್ಲೇ ನಿಂತು ಹೋಗುವ ನೆಂಟ.
"ಒಂದು ದೇಶದ ರೊಕ್ಕ ಇನ್ನೊಂದು ದೇಶದಾಗ
ಎಷ್ಟಕ್ಕ ನಡೀತದ ಅಂತ."
ಹಲ್ಲಿಲ್ಲದ ನಗು ಕತ್ತಲಲ್ಲೂ ಕೇಳಿಸುತ್ತದೆ.
"ಇದಕ್ಕ ಐದು ವರ್ಷ ಬೇಕೇನ?
ಏಳು ಹಾಲಿಗೆ ಆರು ಕಲ್ದಾರ."

ಹೊಳೆಯ ಈಚೆ ಆಗ ನಿಜಾಮನ ರೊಕ್ಕ, ಆಚೆ ಇಂಗ್ರೇಜಿಯವರದು.
ಅವಳಪ್ಪ ಪಿಂಜಾರ ಬಿಲ್ಲು ಹೆಗಲಿಗೆ ಹಾಕಿ
ತುಂಗಭದ್ರೆ ದಾಟಿ ಆದೋನಿಗೆ ಹೋಗುತ್ತಿದ್ದ,
ಗಾದಿಯ ಅರಳೆ ಹಿಂಜಲು.
ಹಿಂದೆ ಬುತ್ತಿ ಹೊತ್ತ ಹತ್ತು ವರ್ಷದ ಇವಳು.
ಕೂಲಿ ಕಲ್ದಾರದಲ್ಲಿ, ಮನೆಯ ಜೋಳ ಹಾಲಿಯಲ್ಲಿ.
ದಂಡೆಯ ಬೇವಿನ ಬುಡಕ್ಕೆ
ಚೀಲ ಬಿಚ್ಚಿ ಕೂತ ಸರಾಫ.
"ಕೊಡುವಾಗ ಒಂದು ದರ, ತಗೊಳ್ಳುವಾಗ ಒಂದು.
ನಡುವ ಅವನ ಹೊಟ್ಟಿ ಇರ್ತಿತ್ತು ನೋಡು."
ಪುಸ್ತಕ ಇದಕ್ಕೆ ನಾಲ್ಕು ಪುಟ ಬರೆದಿದೆ.
ಹೊಟ್ಟೆಯ ಮಾತಿಲ್ಲ.

ಎದ್ದು ಕೂತೆ. "ನಾಳಿ ದರ ಬಿದ್ರ?"
"ಅಪ್ಪ ಮೊದಲ ಮಾತಾಡಿ ಇಡ್ತಿದ್ದ.
ಒಂದು ಕಾಸು ಕಡಿಮಿ ಆದ್ರ ಆಗ್ಲಿ,
ರಾತ್ರಿ ನಿದ್ದಿ ಬರಬೇಕು ಅಂತಿದ್ದ."
ಫಾರ್ವರ್ಡ್ ಕಾಂಟ್ರ್ಯಾಕ್ಟಿನ ಪಕ್ಕ
ಪೆನ್ಸಿಲಿನಲ್ಲಿ ಬರೆದೆ: ನಿದ್ದೆಯ ಬೆಲೆ.
ಇದಕ್ಕೆ ಅಂಕ ಕೊಡುವುದಿಲ್ಲ, ಗೊತ್ತು.

"ಒಂದು ವರ್ಷ ಮಾತ್ರ ಹೊಳಿ ದಾಟಾಕ ಆಗಲಿಲ್ಲ,"
ಅಂದವಳು ಸುಮ್ಮನಾದಳು.
ಯಾವ ವರ್ಷವೆಂದು ನಾನು ಕೇಳಲಿಲ್ಲ.
ರಾಜಕೀಯ ಅಪಾಯ, ಅಧ್ಯಾಯ ಹದಿನೇಳು.
ಪರೀಕ್ಷೆಗೆ ಅಷ್ಟು ಮುಖ್ಯವಲ್ಲ, ಬಿಡಿ
ಅಂದಿದ್ದರು ಕ್ಲಾಸಿನ ಸರ್.

ಬಹಳ ಹೊತ್ತಿನ ಮೇಲೆ ಸೊಂಟದ ಸಂಚಿ ತಡಕಾಡಿ
ಅಂಗೈಗೆ ಏನೋ ಒತ್ತಿದಳು. ಒಂದು ಹಾಲಿ.
ಚಾರ್‌ಮಿನಾರು, ಕಮಾನಿನೊಳಗೆ ಒಂಟಿ ಅಕ್ಷರ,
ಅವಳಿಗೂ ಓದಲು ಬಾರದ್ದು, ನನಗೂ.
"ಬದಲಿಸೋ ದಿನ ಮುಗಿದ ಮ್ಯಾಲ ಸಿಕ್ತು,
ಅಪ್ಪನ ಚೀಲದ ತಳದಾಗ."
ಯಾವ ಬ್ಯಾಂಕಿನ ಬೋರ್ಡಿನಲ್ಲೂ ಇದರ ದರವಿಲ್ಲ.
ಅವಳ ಮೈಗೆ ಹತ್ತಿ ಬೆಚ್ಚಗಿತ್ತು.

ಗಾಳಿಗೆ ಪುಟ ಹಾರುತ್ತಿತ್ತು.
ಆಮದುದಾರನ ಎರಡು ಲಕ್ಷದ ಮೇಲೆ ಅದನ್ನಿಟ್ಟೆ.
ನಿಂತಿತು.
ಆಮೇಲೆ ನೋಡಿದರೆ
ಮೂರು ತಿಂಗಳ ಬಡ್ಡಿಯನ್ನೇ ಬಿಟ್ಟಿದ್ದೆ,
ಲೆಕ್ಕ ಮೊದಲಿನಿಂದ ಮಾಡಬೇಕು.
ಅಜ್ಜಿ ಗೋಡೆಯ ಕಡೆ ಹೊರಳಿದಳು.
ಪರೀಕ್ಷೆಗೆ ನಲವತ್ತೊಂದು ದಿನ.