ಹನ್ನೊಂದನೆಯ ಹೊಗೆ

ಬಾಗಿಲು ಒಳಕ್ಕೆಳೆದರೆ ಅಲ್ಲಿ ಇನ್ನೊಂದು ಬಾಗಿಲು:
ಬಿಳಿಯದು. ನಮ್ಮ ಹಲಗೆಯ ಗೀರು, ಚಿಲಕದ ಗುಂಡಿ
ಎಲ್ಲ ಅಚ್ಚೊತ್ತಿಕೊಂಡು ನಿಂತ ಹಿಮ.
ಸಲಿಕೆ ಹೊರಗಿತ್ತು. ಮರೆತವಳು ನಾನೇ.
"ಸೌಟು ತಗೋ" ಅಂದಳು ಅತ್ತೆ ಮಕ್ವಾಲಾ.
ಕಪ್ಪು ಸಮುದ್ರದ ದಂಡೆಯವಳು ನಾನು,
ಸೌಟಿನಲ್ಲಿ ಆಕಾಶ ತೋಡಿದ್ದು ಅದೇ ಮೊದಲು.

ಸ್ವಾನೇತಿಯ ಈ ಕೊನೆಯ ಊರಲ್ಲಿ
ಜನರನ್ನು ಎಣಿಸುವುದು ಹೊಗೆಯಿಂದ.
ಮಾಡಿನ ತೊಲೆ ನರಳಿದಾಗಲೆಲ್ಲ ಜೋಕಿಯಾ ಮೇಲೇರುತ್ತಾನೆ,
ಹಿಮ ಎಳೆದು ಕೆಡವಿ, ಗೋಪುರಗಳ ನಡುವೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ.
ಮೂರನೆಯ ದಿನ ಇಳಿದು ಬಂದವನು
ಮೀಸೆಯ ಮಂಜುಗಡ್ಡೆ ಮುರಿಯುತ್ತ ಅಂದ:
"ಹತ್ತು."

ಯಾರದ್ದಿಲ್ಲ ಎಂದು ಅತ್ತೆ ಕೇಳಲಿಲ್ಲ.
ಒಲೆಯ ಆಚೆ ಹಸುಗಳು ಮೆಲುಕು ಹಾಕುತ್ತಿದ್ದವು.

ಬೆಸಾರಿಯೋನನ ಮನೆ ಕೂಗಳತೆಯಲ್ಲಿದೆ,
ಕೂಗುವವರಿಲ್ಲ. ನಡುವೆ ಒಂದು ಕಲ್ಲುಗೋಡೆ,
ಎರಡು ಮೊಳ ಅತ್ತ ಸರಿಯಿತೋ ಇತ್ತ ಸರಿಯಿತೋ
ಎಂಬುದಕ್ಕೆ ಒಮ್ಮೆ ಬಂದೂಕು ಹೊರಬಂದಿತ್ತಂತೆ.
ಆಮೇಲೆ ಚರ್ಚಿನಲ್ಲಿ, ಮೇಣದ ಬತ್ತಿಯ ಮುಂದೆ, ಆಣೆ:
ಆ ಗೋಡೆ ದಾಟಿ ನಮ್ಮ ಕಾಲು ಹೋಗದು, ಅವರದ್ದು ಬಾರದು.

ಜೋಕಿಯಾ ಕೈ ಕಾಯಿಸಿಕೊಂಡ. ಮತ್ತೆ ಕಾಯಿಸಿಕೊಂಡ.
"ಆಣೆ ಇದೆಯಲ್ಲ" ಅಂದ, ಬೆಂಕಿಗೆ.
ಅತ್ತೆ ನಾನು ತೋಡಿದ ಬಿಲದಿಂದ ತಲೆ ಹೊರಹಾಕಿ
ಅತ್ತ ನೋಡಿದಳು, ಇತ್ತ ನೋಡಿದಳು.
"ಗೋಡೆ ಎಲ್ಲಿದೆ? ತೋರಿಸು ನನಗೆ."

ಹೆಣೆದ ಬಳ್ಳಿಯ ಬಳೆಗಳನ್ನು ಕಾಲಿಗೆ ಕಟ್ಟಿ,
ಸೊಂಟಕ್ಕೆ ಹಗ್ಗ ಬಿಗಿದು ಹೋದ.
ಹತ್ತು ಹೆಜ್ಜೆಗೆ ಬಿಳಿಯಲ್ಲಿ ಬಿಳಿಯಾದ.
ಆಮೇಲೆ ನನ್ನ ಗಂಡ ಅಂದರೆ
ಅಂಗೈಯಲ್ಲಿ ಜಾರುವ ಒಂದು ಎಳೆತ, ಅಷ್ಟೇ.

ಹಗ್ಗ ಸಾಲಲಿಲ್ಲ.
ಅತ್ತೆ ತನ್ನ ಕರಿ ಶಾಲು ಬಿಚ್ಚಿದಳು,
ಮಾವ ಸತ್ತಂದಿನಿಂದ ತಲೆಯಿಂದ ಇಳಿಯದ್ದು;
ಹಗ್ಗದ ತುದಿಗೆ ಗಂಟು ಹಾಕಿ, ಹಲ್ಲಿನಿಂದ ಬಿಗಿದು,
"ಬಿಡು, ಬಿಡು, ಹೋಗಲಿ" ಅಂದಳು.

ಬಹಳ ಹೊತ್ತು ಏನೂ ಎಳೆಯಲಿಲ್ಲ.

ಮಬ್ಬಾಗುವ ಮುಂಚೆ ಅಲ್ಲಿಂದ ಎದ್ದಿತು ಹೊಗೆ,
ಹಸಿ ಸೌದೆಯದು, ಹಳದಿ, ಕೆಮ್ಮುತ್ತ ಕೆಮ್ಮುತ್ತ.
ಹಿಂದಿರುಗಿದ ಜೋಕಿಯಾ ಹೇಳಿದ್ದು ಎರಡೇ ಮಾತು:
"ಚಿಮಣಿ ಕುಸಿದಿತ್ತು. ಮಗು ಉಸಿರಾಡ್ತಿದೆ."
ಅವನ ಬಾಯಿಂದ ಅವರ ಮನೆಯ ಬೆಳ್ಳುಳ್ಳಿ ನಾರುತ್ತಿತ್ತು.

"ಮೇ ತಿಂಗಳಲ್ಲಿ ಗೋಡೆ ಏಳುತ್ತೆ" ಅಂದಳು ಅತ್ತೆ
ಹಿಟ್ಟು ನಾದುತ್ತ, "ಜಗಳ ಆಗ ಮಾಡೋಣ. ಎರಡು ಮೊಳ ನಮ್ಮದೇ."
ಶಾಲು ಒಲೆಯ ಮೇಲೆ ಒಣಗುತ್ತಿತ್ತು.
ಮದುವೆಯಾಗಿ ಆರು ವರ್ಷ,
ಅವಳ ಕೂದಲು ಇನ್ನೂ ಅರ್ಧ ಕಪ್ಪೆಂದು
ನನಗೆ ಗೊತ್ತೇ ಇರಲಿಲ್ಲ.