ದರ ಮತ್ತು ಕೆಂಚವ್ವ

ಮಂಡಕ್ಕಿ ಭಟ್ಟಿಯ ಹೊಗೆ
ಕೀಬೋರ್ಡಿನ ಸಂದಿಗೂ ಇಳಿಯುತ್ತದೆ.
ದಾವಣಗೆರೆಯ ಈ ಗಲ್ಲಿಯಲ್ಲಿ
ಚಮನ್ ಸಾಬರ ಬಿಲ್ಲಿನ ಪ್ರೋಗ್ರಾಂ ಬರೆದವಳು ನಾನೇ.
ಬರೆದ ಮೂರನೆಯ ತಿಂಗಳಿಗೆ
ಚೀಲಕ್ಕೆ ಇಪ್ಪತ್ತು ರೂಪಾಯಿ ಏರಿಸಿದರು ಸಾಬರು,
ಒಂದೇ ಕಡೆ, ಒಂದೇ ಬೆರಳಲ್ಲಿ.
ಅಷ್ಟಕ್ಕೇ
ಸಂಕ್ರಾಂತಿಯ ಬಿಲ್ಲು ಏರಿತು,
ಉಗಾದಿಯದೂ ಏರಿತು,
ಹರಪನಹಳ್ಳಿಗೆ ಹೋಗಿ ತಿಂದು ಮುಗಿದ ನೂರು ಚೀಲ
ಗೋರಿಯಿಂದ ಎದ್ದಂತೆ ಎದ್ದು ಬಾಕಿ ಕೇಳಿದವು.

"ಏನಮ್ಮಾ ಇದು" ಅಂದರು. ಬೈಯಲಿಲ್ಲ.
ಬನಿಯನ್ನಿನ ತುದಿಯಲ್ಲಿ ಕನ್ನಡಕ ಒರೆಸುತ್ತ,
"ಹೋದ ತಿಂಗಳು ತಿಂದೋನ ಹೊಟ್ಟೆಗೆ ಕೈ ಹಾಕಿ
ಇವತ್ತಿನ ಇಪ್ಪತ್ತು ರೂಪಾಯಿ ತೆಗೀಲಾ?"

ತಪ್ಪು ನನ್ನದು.
ಬಿಲ್ಲುಗಳಿಗೆ ದರವನ್ನು ಕೊಟ್ಟಿರಲಿಲ್ಲ,
ದರ ಇರುವ ಜಾಗ ತೋರಿಸಿದ್ದೆ.
ಅಲ್ಲಿ ಹೋಗಿ ನೋಡಿಕೋ ಎಂದಿದ್ದೆ.
ಎಲ್ಲವೂ ಒಂದೇ ಗೋಡೆಗೆ ಕಣ್ಣು ನೆಟ್ಟು ಕೂತಿದ್ದವು,
ಗೋಡೆಯ ಮೇಲಿನ ಸುಣ್ಣದಕ್ಷರ ಬದಲಾದರೆ
ಅವುಗಳ ನೆನಪೂ ಬದಲು.

ಆ ರಾತ್ರಿ ಕೂತು, ಒಂದೊಂದಕ್ಕೂ
ಅದರದರ ದಿನದ ದರವನ್ನು ಗಂಟು ಕಟ್ಟಿ ಕಳಿಸಿದೆ,
ತವರಿಂದ ಹೊರಟವಳಿಗೆ ಮಡಿಲಕ್ಕಿ ಕಟ್ಟಿದ ಹಾಗೆ.
ಕಣಜ ಆಮೇಲೆ ತುಂಬಲಿ, ಬರಿದಾಗಲಿ,
ಮಡಿಲಿಗೆ ಬಿದ್ದದ್ದು ಮಡಿಲಿನದು.

ಎಂಥ ಸುಖ!
ಆ ಸುಖದ ಅಮಲಿನಲ್ಲಿ ಎಲ್ಲದರ ನಕಲು ಹಂಚಿದೆ,
ತೂಕದ್ದು, ತಾರೀಖಿನದು, ಚೀಲದ ಬಣ್ಣದ್ದು,
ಕೊನೆಗೆ ಗಿರಾಕಿಯದೂ.

ಶ್ರಾವಣಕ್ಕೆ ಬಂದಳು ಕೆಂಚವ್ವ,
ಬಸ್ ಸ್ಟ್ಯಾಂಡಿನ ಹತ್ತಿರದ ಖಾರ ಮಂಡಕ್ಕಿ ಗಾಡಿಯವಳು,
ಎಣ್ಣೆ ಹತ್ತಿದ ರಸೀದಿ ಹಿಡಿದು.
ಭಟ್ಟಿಯ ಕಂಪ್ಯೂಟರಿನಲ್ಲಿ ಆಕೆಯ ಬಾಕಿ ಸೊನ್ನೆ.
ಮಂಡಿಪೇಟೆ ಅಂಗಡಿಯಲ್ಲಿ ನಾನೂರ ಅರವತ್ತು.
ಗೋಡೌನಿನಲ್ಲಿ ಆಕೆ ಇನ್ನೂ ಹಳೇ ಮನೆಯಲ್ಲೇ ಇದ್ದಳು,
ಬಿಟ್ಟು ಬಂದ ಗಂಡನ ಫೋನ್ ನಂಬರಿನ ಜೊತೆ.
ಹುಡುಗ ಮೂರನ್ನೂ ಗಟ್ಟಿಯಾಗಿ ಓದಿದ.
ಕೆಂಚವ್ವ ನನ್ನ ಕಡೆ ತಿರುಗಿದಳು.

"ನಾನಿರೋದು ಒಬ್ಬಾಕಿ.
ನೀ ಎಷ್ಟು ಮಂದಿ ಮಾಡಿ ಇಟ್ಟೀಯವ್ವಾ?
ಕಟ್ಟಿದಾಕಿ ಯಾರು, ಕಟ್ಟದಾಕಿ ಯಾರು?
ಆ ಹಳೇ ಮನ್ಯಾಗ ಕುಂತಾಳಲ್ಲ,
ಆಕೀನ ಕರಿ ಇಲ್ಲಿ.
ನಾಕು ಬುದ್ಧಿಮಾತು ಹೇಳೋದೈತಿ."

ಎಲ್ಲ ನಕ್ಕರು. ನಾನೂ.

ಎರಡು ಹತ್ತರ ನೋಟು ಅದಲುಬದಲಾದರೆ
ಯಾರ ಗಂಟೂ ಹೋಗುವುದಿಲ್ಲ.
ಹೆಸರು ಒಂದೇ, ಊರು ಒಂದೇ, ಬಾಕಿಯೂ ಒಂದೇ ಇರುವ
ಇಬ್ಬರು ಕೆಂಚವ್ವರನ್ನು ಅದಲುಬದಲು ಮಾಡಿ ನೋಡಿ,
ಒಬ್ಬಳ ಗಾಡಿಯಲ್ಲಿ ಇನ್ನೊಬ್ಬಳ ಕೈಯ ಖಾರ.

ಆಕೆಯನ್ನು ಒಂದೇ ಕಡೆ ಕೂರಿಸಿದೆ.
ಭಟ್ಟಿಗೆ, ಅಂಗಡಿಗೆ, ಗೋಡೌನಿಗೆ
ಬರೀ ದಾರಿ ಹೇಳಿದೆ.
ಎಲ್ಲಿ ಕಟ್ಟಿದರೂ ಕಟ್ಟಿದಂತೆ.
ಎಲ್ಲಿ ಕೆಟ್ಟರೂ ಕೆಟ್ಟಂತೆ, ಅದೂ ಗೊತ್ತು.
ಅಂಗಡಿಯ ಹುಡುಗ ಒಮ್ಮೆ ಕೊಂಬು ಮರೆತು ಕಂಚವ್ವ ಎಂದು ಒತ್ತಿದ,
ಮೂರೂ ಕಡೆ ಕಂಚಾಗಿ ನಿಂತಳು ಒಂದು ವಾರ.

ಕೆಲಸ ಮುಗಿಸಿ ಸ್ಕೂಟರ್ ಹತ್ತಿದೆ.
ದುರ್ಗದ ಬಸ್ಸು ಪಕ್ಕದಲ್ಲೇ ಹೋಯಿತು.

ದುರ್ಗದಲ್ಲಿ ನನ್ನ ಅಕ್ಕ ಇದ್ದಾಳೆ.
ಹನ್ನೊಂದು ವರ್ಷದ ಹಿಂದೆ, ಒಂದು ಜೊತೆ ಬಳೆಯ ವಿಷಯಕ್ಕೆ,
ಬಾಗಿಲಲ್ಲಿ ನಿಂತು ಆಡಿದ ಆ ಮಾತು,
ಆ ಹೂವಿನ ನೈಟಿ, ಮೂಗಿನ ತುದಿಯ ಆ ಕೆಂಪು,
ಅದರ ನಕಲು ನನ್ನ ಹತ್ತಿರ ಜೋಪಾನವಾಗಿದೆ.
ದಿನಾ ಜಗಳವಾಡುವುದು ಅದರ ಜೊತೆ.
ಅದಕ್ಕೆ ಒಂದು ಕೂದಲೂ ನರೆತಿಲ್ಲ.
ನಾನು ಗೆದ್ದಾಗಲೆಲ್ಲ ಸುಮ್ಮನೆ ಸೋಲುತ್ತದೆ.

ದಾರಿಯೂ ಇದೆ, ಹತ್ತು ಅಂಕಿಯದು.
ಅದರ ಆ ತುದಿಯಲ್ಲಿ ಯಾರಿದ್ದಾರೋ,
ಯಾರೂ ಇಲ್ಲದೆಯೂ ಇರಬಹುದು.
ನಕಲಿಗೆ ಆ ಭಯವಿಲ್ಲ.

ಗಾಂಧಿ ಸರ್ಕಲ್ಲಿನಲ್ಲಿ ಸಿಗ್ನಲ್ ಕೆಂಪಿತ್ತು.
ಒತ್ತಿದೆ.
ಹಸಿರಾಯಿತು, ಹಿಂದಿನವ ಹಾರ್ನ್ ಬಡಿದ,
ಯಾರು, ಎಂದಿತು ಒಂದು ದನಿ,
ನನ್ನಲ್ಲಿರುವುದಕ್ಕಿಂತ
ಒಂದು ಸುತ್ತು ದಪ್ಪ.